ಕಿತ್ತಳೆ ಬೋಗಿಯ ಮುಚ್ಚಳಗಳು

ಮೀರಾ ಮೆಸಾ, ಸ್ಯಾನ್ ಡಿಯೇಗೊ
೧೪ ಮಾರ್ಚ್ ೧೯೯೬, ಗುರುವಾರ

ಮಗಾ ರಕ್ಷಿತ್,

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪನ ರಕ್ತಪರೀಕ್ಷೆ ಮುಗಿಸಿ, ಬರುವಾಗ ಕುಚ್ಚಲಕ್ಕಿ ತಂದು ಗಂಜಿ ಮಾಡಿದೆ. ಅವರು ನಾಲ್ಕು ತುತ್ತು ಉಂಡು ಗರಾಜಿಗೆ ಹೋಗಿ ಕೂತಿದ್ದಾರೆ. ನೀನು ಹೊತ್ತು ಹೊತ್ತಿಗೆ ಉಣ್ಣುತ್ತಿರಬೇಕೆಂದು ನಂಬಿದ್ದೇನೆ. ಇಷ್ಟು ತಿಂಗಳು ಬರೆಯಲಿಲ್ಲವೆಂದು ಬೇಸರಿಸಬೇಡ. ಫೋನ್ ಮಾಡಿದರೆ ನಿನ್ನ ಆನ್ಸರಿಂಗ್ ಮೆಷಿನ್ ಮಾತಾಡುತ್ತದೆ, ಬೀಪ್ ಆದಮೇಲೆ ನನಗೆ ಮಾತು ಬರುವುದಿಲ್ಲ. ಉಡುಪಿಯಲ್ಲಿ ಆರನೇ ಕ್ಲಾಸಿನವರೆಗೆ ನೀನು ಕಲಿತ ಕನ್ನಡ ಇದನ್ನು ಓದಲು ಸಾಕು.

ವಿಷಯ ಹೇಳಿಬಿಡುತ್ತೇನೆ. ನಾಳೆ ಅಪ್ಪನಿಗೆ ಹೃದಯದ ಆಪರೇಷನ್. ಮೂರು ಕಡೆ ರಕ್ತನಾಳ ಕಟ್ಟಿದೆಯಂತೆ. "ಸಾಮಾನ್ಯವಾಗಿ ಎಲ್ಲ ಸರಿಹೋಗುತ್ತದೆ" ಎಂದರು ಡಾಕ್ಟರು. ನಿನ್ನ ತಂಗಿ ಸುಪ್ರೀತಾಳ ಸಮಯದಲ್ಲೂ ಹೀಗೇ ಹೇಳಿದ್ದರು. ಅಂದಿನಿಂದ ಆ ಮಾತನ್ನು ನಾನು ನಂಬುವುದಿಲ್ಲ.

ಟಪಾಲಿಗೆ ಹಾಕಿದರೆ ಇದು ಹೊತ್ತಿಗೆ ಮುಟ್ಟುವುದಿಲ್ಲ. ಪಕ್ಕದ ಬೀದಿಯ ಮುಖ್ತಾರ್ ಅಂಕಲ್ ಅಂಗಡಿಯ ಸಾಮಾನಿಗೆ ನೀನಿರುವ ಲಾಸ್ ಏಂಜಲೀಸಿಗೆ ಹೊರಟಿದ್ದಾರೆ, ನಿನ್ನ ಕೈಗೇ ಕೊಡುತ್ತಾರೆ. ವ್ಯಾನ್ ಬಾಗಿಲಲ್ಲಿ ನಿಲ್ಲಿಸಿ ಈಗಾಗಲೇ ಎರಡು ಸಲ ಕೂಗಿದರು: "ಜಲಜಕ್ಕಾ, ಕಾಗದ ಬರೀತಿದ್ದೀರೋ, ಪುರಾಣ ಬರೀತಿದ್ದೀರೋ? ನಾಲ್ಕು ಗಂಟೆ ದಾಟಿದ್ರೆ ಫ್ರೀವೇ ಟ್ರಾಫಿಕ್ಕಲ್ಲೇ ನಂಗೆ ಬೆಳಗಿನ ನಾಷ್ಟಾ!" ರಾತ್ರಿ ಅವರು ವಾಪಸು ಬರುವಾಗ ಅದೇ ವ್ಯಾನಿನಲ್ಲಿ ನೀನೂ ಬರಬಹುದು.

ಕಳೆದ ಏಪ್ರಿಲಿನ ಜಗಳ ನೀನು ಮರೆತಿಲ್ಲ, ಗೊತ್ತು. ನಾನೂ ಮರೆತಿಲ್ಲ. ಆದರೆ ನನಗೆ ಮೊದಲು ನೆನಪಾಗುವುದು ಅದಕ್ಕೂ ಹಿಂದಿನ ಒಂದು ಸಂಜೆ. ನೀನೂ ತಂಗಿಯೂ ಲಾಸ್ ಏಂಜಲೀಸಿನ ರೈಲು ಮ್ಯೂಸಿಯಂ ನೋಡಿ ಬಂದಿದ್ದಿರಿ. ಸುಪ್ರೀತಾ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದು, ಅರ್ಧ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಇಲ್ಲಿಯ ಕಿತ್ತಳೆಯೆಲ್ಲ ಹಿಂದೆ ಮರದ ಬೋಗಿಗಳಲ್ಲಿ ನ್ಯೂಯಾರ್ಕಿಗೆ ಹೋಗುತ್ತಿತ್ತಂತೆ. ಬೋಗಿಯ ಎರಡು ತುದಿಗೂ ಐಸಿನ ಗೂಡು, ಛಾವಣಿಯಲ್ಲಿ ನಾಲ್ಕು ಮುಚ್ಚಳ. ದಾರಿಯುದ್ದಕ್ಕೂ ಎತ್ತರದ ಕಟ್ಟೆಗಳ ಮೇಲೆ ಆಳುಗಳು ನಿಂತು ಆಳುದ್ದದ ಐಸ್ ಗಡ್ಡೆ ತಳ್ಳಿ ತುಂಬುತ್ತಿದ್ದರಂತೆ. ಚಳಿಗಾಲದಲ್ಲಿ ಮಾತ್ರ ಐಸ್ ಬೇಡ. ಮುಚ್ಚಳಗಳನ್ನು ಎತ್ತಿ ನಿಲ್ಲಿಸಿ, ಗಾಳಿ ಆಡಲು ಬಿಟ್ಟೇ ರೈಲು ಓಡಿಸುತ್ತಿದ್ದರಂತೆ.

"ಕಿತ್ತಳೆ ಉಸಿರಾಡ್ತದೆ ಅಮ್ಮಾ. ನಿಮ್ಮ ಬಂಗುಡೆ ಥರ ಅಲ್ಲ," ಎಂದು ನಕ್ಕಳು. ನಾನು ಆಗ ಬಂಗುಡೆ ಮೀನನ್ನೇ ತೊಳೆಯುತ್ತಿದ್ದೆ.

ಅಪ್ಪ ಗರಾಜಿನಲ್ಲಿ ಕಟ್ಟುವ ಪುಟ್ಟ ಮಾದರಿ ರೈಲಿಗೆ ಅವಳು ಬಣ್ಣ ಹಚ್ಚಿಕೊಟ್ಟದ್ದು ಒಂದೇ ಬೋಗಿ, ಅಂಥ ಕಿತ್ತಳೆ ಬೋಗಿ. ಮುಚ್ಚಳಗಳಿಗೆ ಗುಂಡುಸೂಜಿಯ ಚೂರು ಆನಿಸಿ ತೆರೆದಿಟ್ಟಿದ್ದಳು. ಅವಳು ತೀರಿಹೋದ ಮೇಲೆ, ಆ ಏಪ್ರಿಲಿನಲ್ಲಿ, ಮಾದರಿ ರೈಲು ಕ್ಲಬ್ಬಿನ ಪ್ರದರ್ಶನದ ಹಿಂದಿನ ದಿನ, ಅಪ್ಪ ನಾಲ್ಕನ್ನೂ ಮುಚ್ಚಿ ಅಂಟಿಸಿದರು.

"ಅದು ಅವಳ ಬೋಗಿ!" ಎಂದೆ ನೀನು.

"ಐಸಿನ ವಿಷಯ ನಂಗೆ ಕಲಿಸ್ಬೇಡ ಮಾರಾಯ. ಮಲ್ಪೆಯಲ್ಲಿ ನನ್ನಪ್ಪ ಆಯುಷ್ಯವಿಡೀ ಮೀನಿಗೆ ಐಸ್ ಹಾಕಿದವ್ರು. ಮುಚ್ಚಳ ತೆಗೆದಿಟ್ರೆ ಒಳಗಿನ ಮಾಲು ಉಳೀತದಾ?"

"ನಿಮ್ಗೆ ಮುಚ್ಚೋದೊಂದೇ ಗೊತ್ತು!"

ಅಷ್ಟಕ್ಕೆ ಅವರು ನಿನಗೆ ಬಾಗಿಲು ತೋರಿಸಿದರು. ಇಷ್ಟು ಸಣ್ಣ ಮಾತಿಗೆ ಹೀಗೇಕೆ ಮಾಡಿದರೆಂದು ನನಗೂ ತಿಳಿಯಲಿಲ್ಲ.

ಬರೆಯಲು ಕೂರುವ ಮುಂಚೆ ಗರಾಜಿಗೆ ಚಹಾ ಕೊಡಲು ಹೋದಾಗ ನೋಡಿದೆ. ದೀಪದ ಕೆಳಗೆ ಆ ಬೋಗಿ ಇಟ್ಟುಕೊಂಡು, ಬ್ಲೇಡಿನ ತುದಿಯಿಂದ ಅಂಟು ಬಿಡಿಸುತ್ತಿದ್ದರು. ಅದು ಜಾರಿ ಛಾವಣಿಯ ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ. ಬ್ಲೇಡ್ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದರು, "ರಕ್ಷಿತ್ ಹತ್ರ ಸಣ್ಣ ಚಿಮಟ ಇತ್ತಲ್ಲ, ತಕ್ಕೊಂಡು ಹೋಗಿದ್ದಾನಾ?"

"ಅವನನ್ನೇ ಕೇಳಿ," ಎಂದೆ.

"ನಾನು ಕರೆದ್ರೆ ಬರ್ತಾನಾ ಅವ?"

ಅದಕ್ಕೇ ಒಳಗೆ ಬಂದು ಇದನ್ನು ಬರೆಯಲು ಕೂತೆ. ನೀನು ತಪ್ಪೊಪ್ಪಿಕೊಳ್ಳಬೇಕಾಗಿಲ್ಲ, ಅವರೂ ಒಪ್ಪಿಕೊಳ್ಳುವವರಲ್ಲ. ಸುಮ್ಮನೆ ಬಂದು ಎದುರಿಗೆ ನಿಲ್ಲು. ಚಿಮಟ ಮರೆಯಬೇಡ.

ವ್ಯಾನಿನ ಹಾರ್ನ್ ಕೇಳುತ್ತಿದೆ. ನಿನ್ನ ಕೈ ಕಾಲು ಗಟ್ಟಿಯಿರಲಿ, ದಾರಿಯಲ್ಲಿ ದೇವರು ಜೊತೆಗಿರಲಿ, ಮಗಾ.

ನಿನ್ನ ಅಮ್ಮ,
ಜಲಜಾಕ್ಷಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಯಾರಿಗೆ ಬರೆಯುತ್ತಿದ್ದೇನೆಂದು ಕೇಳಲಿಲ್ಲ. ಹೇಳಿದ್ದು ಇಷ್ಟು: "ಕೊನೇ ವಾರ ಸುಪ್ರೀತಾ ದಿನಾ ಕೇಳ್ತಿದ್ಳು, ಕಿಟಕಿ ತೆಗೀ ಅಪ್ಪಾ, ಗಾಳಿ ಬೇಕು ಅಂತ. ಶೀತ ಆಗ್ತದೆ ಅಂತ ನಾನು ಒಂದಿನವೂ ತೆಗೀಲಿಲ್ಲ. ಆ ಮುಚ್ಚಳ ತೆರ್ಕೊಂಡೇ ಇದ್ದದ್ದು ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ ಜಲಜಾ." ಅವಳು ಕೇಳಿದ್ದು ನನಗೂ ಗೊತ್ತಿರಲಿಲ್ಲ, ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಈಗ ಅವರು ಅವಳ ಕೋಣೆಗೆ ಹೋಗಿದ್ದಾರೆ. ಕಿಟಕಿ ಬಿಗಿದುಕೊಂಡಿರಬೇಕು, ಅದನ್ನು ತೆಗೆಯಲು ಗುದ್ದುವ ಸದ್ದು ಕೇಳುತ್ತಿದೆ. ಎದೆಯ ನೋವಿರುವವರು, ನಾನು ಓಡುತ್ತೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಅವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಳ್ಳುತ್ತಾರೆ.