ನಿಪ್ಪಾಣಿ ಪ್ರೋಗ್ರಾಮಿನ ಡಿವಿಡಿ

ಅಪ್ಪಾ,

ನಾ ಚಿಕ್ಕೋಡಿಗೆ ಡ್ಯೂಟಿಗೆ ಹೊಂಟೀನಿ, ಸಂಜೀಕ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಬಿಪಿ ಗುಳಗಿ ಮರೀಬ್ಯಾಡ.

ನಮ್ಮ ಸಮಾಧಾನಣ್ಣನ ರಾಕ್ ಬ್ಯಾಂಡಿನ ನಿಪ್ಪಾಣಿ ಪ್ರೋಗ್ರಾಮಿನ ಡಿವಿಡಿ ಹಾಕಿಟ್ಟೀನಿ. ಅಂವ ತೀರಿಕೊಂಡು ಇವತ್ತಿಗೆ ವರ್ಷ ಆತು, ಇವತ್ತರ ನೋಡು.

"ಹಲಗಿ ಬಾರಸೋದು ಬಿಟ್ಟು ಮಾನಾ ಗಳಿಸೀನಿ, ನೀ ಮತ್ತ ಡ್ರಮ್ ಬಡೀತಿಯೇನ್ಲೇ? ನಾ ಬರಾಂಗಿಲ್ಲ" ಅಂತ ಆ ಪ್ರೋಗ್ರಾಮಿಗೆ ಕರದಾಗ ಅವಗ ಒದರಿದ್ದಿ. ಮೂರನೇ ಹಾಡಿನ್ಯಾಗ ಕ್ಯಾಮೆರಾ ಮಂದಿ ಕಡೆ ತಿರುಗತೈತಿ. ಹಿಂದ ಕಂಬದ ಹಂತ್ಯಾಕ ಟಾವೆಲ್ ಮುಸುಕು ಹಾಕ್ಕೊಂಡು, ಅಣ್ಣನ ಡ್ರಮ್ಮಿಗೆ ಸರಿಯಾಗಿ ತೊಡಿ ಮ್ಯಾಲ ತಾಳಾ ಹಾಕಾಕತ್ತಾಂವ ನೀನ ಅದಿ.

ಅಣ್ಣಗ ಗೊತ್ತಿತ್ತು. ದವಾಖಾನ್ಯಾಗ ಮೊಬೈಲಿನ್ಯಾಗ ಅಷ್ಟ ತುಣುಕು ತಿರುಗಿ ತಿರುಗಿ ನೋಡತಿದ್ದ. "ಅಪ್ಪಗ ಹೇಳಬ್ಯಾಡ, ನಾಚತಾನ" ಅಂದಿದ್ದ.

ಪ್ರಾಜಕ್ತಾ