ಕೇಳಿ ನಡೆದ ಕಾಲುದಾರಿ

ಮಾರ್ಚ್ 3, ಮಂಗಳವಾರ

ನೋಟಿಸ್ ಬೋರ್ಡಿನ ಗಾಜು ಒರೆಸಿದೆ. ತುಕ್ಕು ಹಿಡಿದ ಪಿನ್ನು ಕಿತ್ತೆ. ವಾರ್ಷಿಕ ಸಭೆಯ ನೋಟಿಸ್ ಚುಚ್ಚುತ್ತಿದ್ದಾಗ ವಿನಿ ಟ್ಯಾರಂಟ್ ಬಂದರು. ಚರ್ಚಿನ ಅಂಗಳದಲ್ಲಿರುವ ಗಂಡನ ಸಮಾಧಿಗೆ ಹೋದವರು ಅರ್ಧ ದಾರಿಯಿಂದಲೇ ವಾಪಸ್. ಕೈಯಲ್ಲಿ ಹೂವು ಹಾಗೇ ಇತ್ತು.

"ಹೆಸ್ಟರ್, ಹೊಲದ ದಾರಿಗೆ ಗೇಟ್ ಹಾಕಿ ಬೀಗ ಜಡಿದಿದಾರೆ ಕಣೇ. ಏನೋ ಬೋರ್ಡೂ ಇದೆ. ಕನ್ನಡಕ ಇರ್ಲಿಲ್ಲ, ಓದಕ್ಕಾಗ್ಲಿಲ್ಲ."

ಹೋಗಿ ನೋಡಿದೆ. 'ಖಾಸಗಿ. ಇಲ್ಲಿ ದಾರಿಯಿಲ್ಲ.' ದಾರಿಯಿಲ್ಲವಂತೆ! ಬೋರ್ಡಿನ ಬುಡದಲ್ಲೇ ದಾರಿಯಿದೆ, ತಲೆಮಾರುಗಳ ಬೂಟು ಸವೆಸಿ ಮೊಣಕಾಲಿನಷ್ಟು ಆಳವಾಗಿದೆ. ಹೊಲದ ಯಜಮಾನ ಸೆಸಿಲ್ ಲಗ್ ಸತ್ತ ಮೇಲೆ ಮಗ ಅದನ್ನು ಮಾರಿದ. ಕೊಂಡ ರೆನ್‌ಫರ್ತ್ ಬಂದು ನಾಲ್ಕು ತಿಂಗಳಾಗಿಲ್ಲ. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 4

ಜಿಲ್ಲೆಯ ಕೌಂಟಿ ಆಫೀಸಿಗೆ ಫೋನ್. ಮುಕ್ಕಾಲು ಗಂಟೆ ಪಿಯಾನೋ ಕೇಳಿಸಿದರು. ಆಮೇಲೊಬ್ಬ ಹುಡುಗಿ — "ಆ ದಾರಿ ನಕ್ಷೆಯಲ್ಲಿಲ್ಲ ಮೇಡಂ."

ಹೇಗಿಲ್ಲ? ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರತಿ ಹಳ್ಳಿಗೂ, ನಕ್ಷೆ ಕಳಿಸಿ, ನಿಮ್ಮ ಕಾಲುದಾರಿಗಳನ್ನು ಗುರುತಿಸಿ ಎಂದಿದ್ದರು. ನಮ್ಮವರು ಏನು ಮಾಡಿದರು? ಹಳೆಯ ನಡಾವಳಿ ಪುಸ್ತಕ ತೆಗೆದು ನೋಡಿದೆ. ಆಗಿನ ಗುಮಾಸ್ತ ಬರೆದಿದ್ದಾನೆ: "ಚರ್ಚಿನ ದಾರಿಯನ್ನು ಗುರುತಿಸುವ ಅಗತ್ಯವಿಲ್ಲ. ಲಗ್ ಕುಟುಂಬದವರು ಯಾರನ್ನೂ ತಡೆದವರಲ್ಲ. ಕಾಗದದಲ್ಲಿ ಹಾಕಿದರೆ ಅವರ ಮೇಲೆ ನಂಬಿಕೆಯಿಲ್ಲ ಎಂದಂತಾದೀತು."

ಅಯ್ಯೋ ನಿಮ್ಮ ಮರ್ಯಾದೆಗೆ ಬೆಂಕಿ ಹಾಕ!

ಇನ್ನೊಂದು ದಾರಿಯಿದೆಯಂತೆ. ಇಪ್ಪತ್ತು ವರ್ಷ ಜನ ನಡೆದಿದ್ದಾರೆಂದು ತೋರಿಸಿದರೆ ಹಕ್ಕು ಸಿಗುತ್ತದೆ. ಇಪ್ಪತ್ತೇನು, ಆರುನೂರು ತೋರಿಸುತ್ತೇನೆ.

ಮಾರ್ಚ್ 22, ಭಾನುವಾರ

ಅರ್ಜಿಯ ಫಾರಂ ಬಂತು. 'ನಿಮ್ಮ ಪ್ಯಾರಿಷ್‌ನ ಭೂಗೋಳ, ಇತಿಹಾಸ, ಆಡಳಿತವನ್ನು ಇನ್ನೂರು ಪದಗಳಲ್ಲಿ ವಿವರಿಸಿ.'

ಬರೆಯುತ್ತೇನೆ, ಕೇಳಿ. ಟಾಲ್ಕಂಬ್: ಎರಡು ಮೈಲಿ ಉದ್ದ, ಅರ್ಧ ಮೈಲಿ ಅಗಲ. ಮೇಲೆ ಗುಡ್ಡ, ಕೆಳಗೆ ತೊರೆ. ಆರುನೂರು ವರ್ಷದ ಹಿಂದೆ ಪ್ಲೇಗ್ ಬಂದಾಗ ಬದುಕುಳಿದವರು ಗುಡ್ಡಕ್ಕೆ ಓಡಿದರು. ಚರ್ಚಿಗೆ ಕಾಲಿರಲಿಲ್ಲ, ಕೆಳಗೇ ಉಳಿಯಿತು. ಅಂದಿನಿಂದ ಮದುವೆಗೂ ಹೆಣಕ್ಕೂ ಈ ಹೊಲದ ದಾರಿಯೇ. ರಸ್ತೆಯಲ್ಲಿ ಹೋದರೆ ಮೂರು ಮೈಲಿ, ಬದಿಯಲ್ಲಿ ಕಾಲಿಡಲು ಜಾಗವಿಲ್ಲ, ಹಾಲಿನ ಲಾರಿಗಳು ಮೈ ಸವರಿಕೊಂಡು ಹೋಗುತ್ತವೆ. ಅದೂ ಪಕ್ಕದ ಪ್ಯಾರಿಷ್ ಸುತ್ತಿಕೊಂಡು. ಸ್ವಂತ ಚರ್ಚಿಗೆ ಹೋಗಲು ಪರ ಊರು ದಾಟಬೇಕು!

ಆಡಳಿತ? ಮತದಾರರು ಅರವತ್ತೊಂದು. ಇಷ್ಟು ಚಿಕ್ಕದಕ್ಕೆ ಕೌನ್ಸಿಲ್ ಇಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಸಭೆ. ಒಬ್ಬ ಅಧ್ಯಕ್ಷ, ಗಾಡ್‌ಫ್ರೀ. ಅವನಿಗೆ ಯಾರೊಂದಿಗೂ ಜಗಳ ಬೇಡ. ಒಬ್ಬಳು ಗುಮಾಸ್ತೆ, ನಾನು. ಇಪ್ಪತ್ತೆರಡು ವರ್ಷದಿಂದ.

ಇದನ್ನೆಲ್ಲ ಹೀಗೇ ಬರೆಯಲಿಲ್ಲ. ಸಭ್ಯವಾಗಿ ಬರೆದೆ.

ಕೊನೆಯ ಪ್ರಶ್ನೆ: 'ಯಾರದಾದರೂ ಅನುಮತಿ ಪಡೆದು ನಡೆದಿದ್ದೀರಾ?' ಇಲ್ಲ ಎಂದು ಬರೆದೆ. ತಡೆದವರೇ ಇಲ್ಲ, ಅನುಮತಿ ಯಾಕೆ?

ನವೆಂಬರ್ 8

ಉತ್ತರವಿಲ್ಲ. ವಿನಿಯನ್ನು ಕಾರಿನಲ್ಲಿ ಚರ್ಚಿಗೆ ಕರೆದೊಯ್ದೆ. ಇಳಿಯುವಾಗ ಗಂಡನ ಮಾತು ತೆಗೆದರು — "ರೆಗ್‌ನ ಹೆಣಾನ ಆರು ಜನ ಹೆಗಲ ಮೇಲೆ ಆ ಹೊಲದಲ್ಲೇ ತಂದ್ರು. ನಾನು ಹೀಗೆ ಮೂಟೆ ಥರ ಬರೋದು ಅವನಿಗೆ ಇಷ್ಟವಾಗಲ್ಲ."

ಮೇ 11, ಮಂಗಳವಾರ

ಹದಿನಾಲ್ಕು ತಿಂಗಳ ಮೇಲೆ ವಿಚಾರಣೆ. ಪಕ್ಕದ ಊರಿನ ಹಾಲ್. ನಮಗೆ ಹಾಲ್ ಎಲ್ಲಿದೆ.

ಎಲ್ಲ ಚೆನ್ನಾಗಿತ್ತು. ವಿನಿ ಎದ್ದು ನಿಂತರು, ನೀಲಿ ಟೋಪಿ. ಮದುವೆಯಾಗಿ ಬಂದಂದಿನಿಂದ ಪ್ರತಿ ಭಾನುವಾರ ನಡೆದಿದ್ದೇನೆ ಎಂದರು. ತನಿಖಾಧಿಕಾರಿ ತಲೆಯಾಡಿಸಿ ಬರೆದುಕೊಂಡ. ನಮ್ಮ ಕಡೆ ಗೆದ್ದೇಬಿಟ್ಟಿತ್ತು.

ರೆನ್‌ಫರ್ತ್‌ನ ವಕೀಲ ಎದ್ದ. ಬೆಣ್ಣೆಯಂಥ ದನಿ. "ಲಗ್ ಅವರು ಒಳ್ಳೆಯವರಾಗಿದ್ರಂತೆ, ಅಲ್ವೇ ಅಮ್ಮ? ನೀವೂ ಹೇಳದೆ ಕೇಳದೆ ಅವರ ಹೊಲ ತುಳಿಯೋರಲ್ಲ."

"ಛೆ ಛೆ, ಉಂಟೇ! ಪ್ರತಿ ವರ್ಷ ಮಿಕಲ್ಮಸ್ ಹಬ್ಬದ ದಿನ ನಾನೇ ಪ್ಲಮ್ ಕೇಕ್ ತಗೊಂಡು ಹೋಗ್ತಿದ್ದೆ. ಈ ವರ್ಷಾನೂ ನಡೀಬಹುದಾ ಸೆಸಿಲ್ ಅಂತ ಕೇಳ್ತಿದ್ದೆ. ನಡೀರಿ ನಡೀರಿ ಅಂತಿದ್ರು. ಕೇಳದೆ ಹೋದ್ರೆ ಅದೆಂಥ ಮರ್ಯಾದೆ? ನಮ್ಮ ಹೆಸ್ಟರ್ ಪುಸ್ತಕದಲ್ಲೂ ಬರೀತಾಳೆ."

ಮುದುಕಿ ಒಂದೇ ಉಸಿರಿಗೆ ಎಲ್ಲ ಸುರಿದುಬಿಟ್ಟಳು! ಎದ್ದು ಬಾಯಿ ಮುಚ್ಚಿಬಿಡೋಣ ಅನ್ನಿಸಿತು.

ಸಭೆಯ ನಡಾವಳಿ ಪುಸ್ತಕ ತರಿಸಿದರು. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಸಲ, ಒಂದೇ ಸಾಲು: 'ತಮ್ಮ ಹೊಲದಲ್ಲಿ ನಡೆಯಲು ಕೃಪೆಯಿಂದ ಅನುಮತಿಸಿದ ಶ್ರೀ ಲಗ್ ಅವರಿಗೆ ಸಭೆಯು ವಂದನೆ ಸಲ್ಲಿಸಿತು.'

"ಇದು ನಿಮ್ಮ ಅಕ್ಷರವೇ, ಮಿಸ್ ಪಿಮ್?"

ಹೌದು ಎಂದೆ.

ತನಿಖಾಧಿಕಾರಿ ಕನ್ನಡಕ ತೆಗೆದು ಮೆಲ್ಲಗೆ ಹೇಳಿದ — ಕೇಳಿ ನಡೆದರೆ ಅದು ಉಪಕಾರ. ಕೇಳದೆ ಇಪ್ಪತ್ತು ವರ್ಷ ನಡೆದರಷ್ಟೇ ಹಕ್ಕು. ಅಂದರೆ ಒರಟರಾಗಿದ್ದಿದ್ದರೆ ಗೆಲ್ಲುತ್ತಿದ್ದೆವು! ಇದೆಂಥ ಕಾನೂನು... ಯಾರ ಮೇಲೆ ರೇಗಲಿ? ಬರೆದವಳು ನಾನು. ಸಾಲು ಚೆನ್ನಾಗಿದೆ ಎಂದು ಪ್ರತಿ ವರ್ಷ ಹಿಂದಿನದನ್ನೇ ನಕಲು ಮಾಡಿದವಳು ನಾನು.

ಜುಲೈ 30

ತೀರ್ಪು ಬಂತು. ವಜಾ. ನೋಟಿಸ್ ಬೋರ್ಡಿಗೆ ಚುಚ್ಚಿದೆ. ಪಿನ್ನು ಬಗ್ಗಿತು, ಅಷ್ಟು ಜೋರಾಗಿ ಒತ್ತಿದ್ದೆ.

ವಿನಿ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ. ತಪ್ಪು ತನ್ನದೇ ಎಂದುಕೊಂಡಿದ್ದಾರೆ. ಅಲ್ಲ ಎಂದು ನಾನೂ ಹೋಗಿ ಹೇಳಿಲ್ಲ. ಹನ್ನೊಂದು ವಾರ. ನನಗೆ ನಾಚಿಕೆಯಾಗಬೇಕು.

ಆಗಸ್ಟ್ 7, ಶನಿವಾರ

ರೆನ್‌ಫರ್ತ್‌ನ ಪತ್ರ. ದಪ್ಪ ಕಾಗದ. 'ನೆರೆಹೊರೆಯ ಸೌಹಾರ್ದಕ್ಕಾಗಿ' ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಗೇಟು ತೆರೆಯುತ್ತಾನಂತೆ. ಬೇಕೆಂದಾಗ ಮುಚ್ಚಬಹುದು. ಯಾವ ಹಕ್ಕೂ ಇಲ್ಲವೆಂದು ಪ್ಯಾರಿಷ್ ಪರವಾಗಿ ನಾನು ಸಹಿ ಹಾಕಬೇಕು.

ಗಾಡ್‌ಫ್ರೀ ಫೋನಿನಲ್ಲಿ — "ಹಾಕ್ಬಿಡಿ ಹೆಸ್ಟರ್. ಪಾಪ, ದೊಡ್ಡ ಮನಸ್ಸು ಮಾಡಿದಾರೆ."

ದೊಡ್ಡ ಮನಸ್ಸು! ಫೋನ್ ಕುಕ್ಕಿದೆ. ಆದರೂ ಪೆನ್ನು ತೆಗೆದೆ. ವಿನಿಗೆ ಎಂಬತ್ತನಾಲ್ಕು. ನನ್ನ ಹಟಕ್ಕೆ ಅವರನ್ನು ಬಲಿ ಕೊಡಲೇ? ಮೊದಲು ಅವರಿಗೆ ತೋರಿಸೋಣ ಎಂದು ಹೋದೆ. ತಪ್ಪು ನಿಮ್ಮದಲ್ಲ, ಬರೆದವಳು ನಾನು ಎಂದೂ ಹೇಳಿದೆ.

ಕನ್ನಡಕ ಹಾಕಿ ಎರಡು ಸಲ ಓದಿದರು. ಮಡಚಿ ಟೀಪಾಟಿನ ಕೆಳಗಿಟ್ಟರು.

"ಬೇಡ."

"ವಿನಿ, ನಿಮಗೋಸ್ಕರವೇ ನಾನು..."

"ಅರವತ್ತು ವರ್ಷ ಕೇಳಿದ್ದು ಸಾಕು. ಕೇಳದೆ ಇಪ್ಪತ್ತು ವರ್ಷ ನಡೆದ್ರೆ ನಮ್ದಾಗುತ್ತೆ ಅಂದ್ನಲ್ಲ ಆ ಮನುಷ್ಯ?"

"ಹೂಂ."

"ಹಾಗಾದ್ರೆ ನಾಳೆಯಿಂದ ಶುರು. ಮುಗಿಯೋ ಹೊತ್ತಿಗೆ ನಂಗೆ ನೂರ ನಾಲ್ಕು, ನಿಂಗೆ ಎಂಬತ್ತೊಂದು. ಪುಸ್ತಕ ತಗೊಂಡ್ ಬಾ. ಸರಿಯಾಗಿ ಬರಿ ಈ ಸಲ."

ಬೋರ್ಡು ಇರುವಾಗ, ಬೀಗ ಇರುವಾಗ ನಡೆದರೆ ಅದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಗೊತ್ತು. ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.

ಆಗಸ್ಟ್ 8, ಭಾನುವಾರ, ಬೆಳಿಗ್ಗೆ 8.40

ಗೇಟಿನ ಹತ್ತಿರ, ನಿಂತೇ ಬರೆಯುತ್ತಿದ್ದೇನೆ. ಒಂಬತ್ತಾಗಲಿ ಎಂದೆ, ಸಹಿ ಹಾಕದಿದ್ದರೂ ಬೀಗ ತೆಗೆದಾನು. "ಅವನ ಟೈಮಿಗೆ ಯಾಕೆ?" ಎಂದರು ವಿನಿ. ಲಂಗ ಎತ್ತಿ ಸಿಕ್ಕಿಸಿಕೊಂಡಿದ್ದಾರೆ. ಒಂದು ಕಾಲು ಆಗಲೇ ಎರಡನೇ ಅಡ್ಡಪಟ್ಟಿಯ ಮೇಲೆ. ರೆನ್‌ಫರ್ತ್ ಮೇಲಿಂದ ಕೈ ಬೀಸುತ್ತ ಓಡಿ ಬರುತ್ತಿದ್ದಾನೆ, ಬರಲಿ.

"ಬರಕೊಂಡ್ಯೇನೇ?"

ಬರೆಯುತ್ತಿದ್ದೇನೆ. ವಿನಿಫ್ರೆಡ್ ಟ್ಯಾರಂಟ್, ಹೆಸ್ಟರ್ ಪಿಮ್. ಇಬ್ಬರೂ ಟಾಲ್ಕಂಬ್ ಪ್ಯಾರಿಷ್‌ನವರು. ಹೊಲದ ದಾರಿಯಲ್ಲಿ, ಚರ್ಚಿಗೆ, ಯಾರನ್ನೂ ಕೇಳದೆ —