ಒಂದು ಲೋಟದಷ್ಟೇ ಮದ್ದು

ವಿಶಾಖಪಟ್ಟಣ, ಬುಧವಾರ

ಅತ್ತಮ್ಮನಿಗೆ ನಮಸ್ಕಾರ.

ಮೈದುನ ಪೈಡಿರಾಜುವನ್ನು ಇಲ್ಲಿನ ಔಷಧಿ ಕಾರ್ಖಾನೆಗೆ ಸೇರಿಸಬಹುದೋ, ನೋಡಿ ತಿಳಿಸು ಎಂದಿದ್ದಿರಿ. ಇಂದು ನೋಡಿದೆ. ಸಿಡಿದು ನಿಮ್ಮ ದೊಡ್ಡ ಮಗನನ್ನು ಕೊಂಡೊಯ್ದಂಥ ಹಂಡೆ ಇಲ್ಲಿಲ್ಲ. ಬೆರಳಿಗಿಂತ ಸಣ್ಣ ಕೊಳವೆಯೊಂದು ಸುರುಳಿ ಸುತ್ತಿಕೊಂಡಿದೆ. ಒಂದು ತುದಿಯಲ್ಲಿ ಆಮ್ಲ ಒಳಹೋಗುತ್ತಲೇ ಇರುತ್ತದೆ, ಇನ್ನೊಂದರಲ್ಲಿ ಮದ್ದು ಬರುತ್ತಲೇ ಇರುತ್ತದೆ. ಒಳಗೆ ಯಾವಾಗಲೂ ಒಂದು ಲೋಟದಷ್ಟೇ, ಸಿಡಿಯಲು ಹಂಡೆಗಟ್ಟಲೆ ಇಲ್ಲ.

ಹಿಂದೆ ನಮ್ಮವರ ಜೊತೆ ಹಂಡೆಯ ಕೆಲಸದಲ್ಲಿದ್ದ ಸಿಂಹಾಚಲಂ ಮಾವ ಮಾತ್ರ ಹಳೆಯ ರೂಢಿಯಂತೆ ಅಡ್ಡಗೋಡೆಯ ಹಿಂದೆಯೇ ನಿಲ್ಲುತ್ತಾರೆ.

"ಏನ್ ಮಾವಾ, ಇಷ್ಟು ಸಣ್ಣ ಕೊಳವೆಗೂ ಹೆದರ್ತೀಯಾ?" ಎಂದು ಹುಡುಗರು ಕೆಣಕಿದರು.

"ಹಂಡೆ ಪಕ್ಕ ಹತ್ತು ವರ್ಷ ನಿಂತು ಬನ್ರೋ, ಆಮೇಲೆ ನಗಿ."

ನಾನು ಕೊಳವೆ ಮುಟ್ಟಿದೆ. ಬರೀ ಬೆಚ್ಚಗಿತ್ತು. ಮಾವ ಬಂದು "ಸಾಕು ಬಿಡಮ್ಮಾ" ಎನ್ನುವವರೆಗೂ ಕೈ ತೆಗೆಯಲಾಗಲಿಲ್ಲ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಪೈಡಿರಾಜುವನ್ನು ಕಳಿಸಿ.

ನಿಮ್ಮ ಸೊಸೆ,
ರಾಮಲಕ್ಷ್ಮಿ